ಕರೆಂಟಿಲ್ಲದ ಬೇಲಿ

"ನಾನೇ ಮರೆತೆ. ಇದರಲ್ಲಿ ಮಾತಾಡೋಕೆ ಇನ್ನೇನಿದೆ?" ಎಂದ ಆರ್ವಿಡ್ ನೀಗಾರ್ಡ್. ಕಾಫಿ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಬೇಲಿಗೆ ಕರೆಂಟ್ ಹಾಕೋದು ಮರೆತೆ. ಹೊಸ ಕಡಸುಗಳು ತಂತಿ ನುಗ್ಗಿ ರಸ್ತೆಗೆ ಹೋದವು. ನಿನ್ನ ಕಡೆಯವನು ಅವುಗಳಿಗೆ ಗಾಡಿ ಗುದ್ದಿ ಆಸ್ಪತ್ರೆ ಸೇರಿದ. ಮುಗೀತು."

ಮೇಜಿನ ಈಚೆ ಬದಿಯಲ್ಲಿ ಡಾರಿಯಾ ವೊಯ್ಟೊವಿಚ್ ಬಾಯಿ ತೆರೆದಳು. ಈಗ ಹೇಳಿಬಿಡು, ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿಂದ ಹೊರಬಿದ್ದದ್ದು ಮಾತ್ರ, "ಪೈ ತುಂಬಾ ಚೆನ್ನಾಗಿದೆ ಇರ್ಮಾ," ಎಂಬ ಮಾತು. ಅಯ್ಯೋ ಕರ್ಮವೇ! ಆ ರೂಬಾರ್ಬ್ ದಂಟಿನ ಸಿಹಿ ಪೈಯನ್ನು ಅವಳಿನ್ನೂ ಮುಟ್ಟಿಯೇ ಇರಲಿಲ್ಲ.

"ಮುಟ್ಟದೇನೇ ರುಚಿ ಗೊತ್ತಾಯ್ತಾ?" ಎಂದಳು ಆರ್ವಿಡ್‌ನ ಹೆಂಡತಿ ಇರ್ಮಾ. ನಗು ಬರಿಸುವ ಮಾತೇ, ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಸಿಂಕಿನ ಮುಂದೆ ನಿಂತು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ಗಂಡನ ಕಡೆ ನೋಡದೆ ಮುಂದುವರಿಸಿದಳು. "ಮರೆತದ್ದು ಇದೊಂದೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ಚಳಿಗಾಲದಲ್ಲಿ ನೀರಿನ ತೊಟ್ಟಿಯ ಹೀಟರ್ ಹಾಕೋದು ಮರೆತ. ಹಸುಗಳು ಇಡೀ ದಿನ ಮಂಜುಗಡ್ಡೆ ನೆಕ್ಕಿದವು. ಈಸ್ಟರ್ ದಿನ ಮೊಮ್ಮಗಳನ್ನ ಮಗಳ ಹೆಸರಿಟ್ಟು ಕರೆದ."

"ಅದನ್ನ ಎಲ್ಲ ಅಜ್ಜಂದಿರೂ ಮಾಡ್ತಾರೆ," ಎಂದ ಆರ್ವಿಡ್.

"ಎಲ್ಲ ಅಜ್ಜಂದಿರೂ ಜನರ ಸೊಂಟ ಮುರಿಯಲ್ಲ."

ಆಮೇಲೆ ಇರ್ಮಾ ತಾನಾಡಿದ್ದು ಹೆಚ್ಚಾಯಿತೆಂದು ಗೊತ್ತಾಗಿ ಗಂಡನ ಹೆಗಲ ಮೇಲೆ ಕೈಯಿಟ್ಟಳು. ಗುರುವಾರ ಲಾರಿ ಬರುತ್ತದೆ, ಅಷ್ಟೂ ದನ ಹರಾಜಿಗೆ ಹೋಗುತ್ತವೆ, ರಿಜೈನಾದಲ್ಲಿರುವ ಮಗಳೂ ಒಪ್ಪಿದ್ದಾಳೆ ಎಂದು ಡಾರಿಯಾಗೆ ತಿಳಿಸಿದಳು. ಇವನ ಪಿಕಪ್ಪಿನ ಕೀಲಿಯೂ ಇನ್ನು ಮೇಲೆ ತನ್ನ ಹತ್ತಿರವೇ. ಡಾಕ್ಟರು ತಲೆಯ ಪರೀಕ್ಷೆ ಮಾಡುವವರೆಗೆ ಆರ್ವಿಡ್ ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಇದನ್ನೆಲ್ಲ ಹೇಳುವಾಗ ಆ ಮುದುಕ ಬೈಸಿಕೊಂಡ ಶಾಲಾ ಹುಡುಗನ ಹಾಗೆ ತಲೆತಗ್ಗಿಸಿ ಕೂತಿದ್ದ. ಡಾರಿಯಾಗೆ ಅದನ್ನು ನೋಡಲಾಗಲಿಲ್ಲ. ಏನೋ ನೆಪ ಹೇಳಿ ಎದ್ದಳು, ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ತನ್ನನ್ನು ತಾನೇ ಬಾಯಿಗೆ ಬಂದ ಹಾಗೆ ಬೈದುಕೊಂಡಳು.

ಯಾಕೆಂದರೆ ಆ ಬೇಲಿಯನ್ನು ಆರಿಸಿಡಿ ಅಂತ ಕೇಳಿದವಳೇ ಅವಳು.

ಅವಳ ಕೆಲಸದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಸಸ್ಕ್ಯಾಚೆವಾನ್ ಪ್ರಾಂತ್ಯದ ಈ ಹುಲ್ಲುಬಯಲಿನ ಅಡಿಯಲ್ಲಿ, ಬಹಳ ಕೆಳಗೆ, ಕರೆಂಟ್ ಸಲೀಸಾಗಿ ಹರಿಯುವ ಬಂಡೆಯ ಪಟ್ಟೆಯೊಂದಿದೆ. ಅಮೆರಿಕದ ಕಡೆಯಿಂದ ಗಡಿ ದಾಟಿ ಉತ್ತರಕ್ಕೆ ಹೋಗುತ್ತದೆ. ನೂರೆಂಬತ್ತು ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಬಂದು ಗುದ್ದಿಕೊಂಡು, ನಡುವಿದ್ದ ಸಮುದ್ರ ಹಿಂಡಿಹೋಗಿ ಉಳಿದ ಗಾಯದ ಕಲೆ ಅದು. ಕಲೆ ಮೇಲುಮೇಲಿನದೋ, ಅಥವಾ ಭೂಮಿಯ ಗಟ್ಟಿ ಹೊರಪದರವನ್ನೆಲ್ಲ, ಅಂದರೆ ಇಡೀ ಶಿಲಾಗೋಳವನ್ನೇ ಸೀಳಿಕೊಂಡು ಕೆಳಗಿಳಿದಿದೆಯೋ? ಡಾರಿಯಾಗೆ ತಿಳಿಯಬೇಕಾದದ್ದು ಇಷ್ಟೇ. ಅದಕ್ಕಾಗಿ ಅವಳು ಮದುವೆ ಮುರಿದುಕೊಂಡಿದ್ದಳು ಅಂತ ಊರವರು ಆಡಿಕೊಳ್ಳುತ್ತಿದ್ದರು. ಪೂರಾ ಸುಳ್ಳಲ್ಲ.

ಕೊರೆದು ನೋಡುವುದಕ್ಕೆ ಆಗುವ ಆಳ ಅಲ್ಲ ಅದು. ಸೂರ್ಯನ ಕಡೆಯಿಂದ ಬರುವ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದಾಗ ನೆಲದೊಳಗೆ ತೆಳ್ಳಗೆ ಕರೆಂಟ್ ಹರಿಯುತ್ತದೆ. ಉಪ್ಪಿನ ಕೆಸರು ತುಂಬಿದ ನಾಲ್ಕು ಕುಡಿಕೆಗಳನ್ನು ದಿಕ್ಕಿಗೊಂದರಂತೆ ಹೂತು, ತಂತಿ ಎಳೆದು, ನಡುವೆ ಕಾಂತ ಅಳೆಯುವ ಉಪಕರಣ ಹೂತು, ವಾರಗಟ್ಟಲೆ ಬಿಟ್ಟರೆ ಆ ಕರೆಂಟಿನ ಲೆಕ್ಕ ಸಿಗುತ್ತದೆ. ಅಲುಗಾಟ ನಿಧಾನವಾದಷ್ಟೂ ಹೆಚ್ಚು ಆಳದ ಸುದ್ದಿ ತರುತ್ತದೆ. ತೀರಾ ಆಳದ ಸುದ್ದಿ ಚೆನ್ನಾಗಿ ಕೇಳಬೇಕೆಂದರೆ ಸೂರ್ಯನಲ್ಲಿ ಸ್ಫೋಟವಾಗಿ ಕಾಂತ ಬಿರುಗಾಳಿ ಏಳಬೇಕು. ವಿದ್ಯುತ್ ಮಂಡಳಿಯವರು ಆ ಬಿರುಗಾಳಿಗೆ ಹೆದರಿ ಸಾಯುತ್ತಾರೆ. ಡಾರಿಯಾಳಂಥ ಜನ ಅದು ಬರಲಪ್ಪಾ ಅಂತ ಕಾಯುತ್ತಾರೆ.

ಇವರಿಗೆ ಶನಿ ಅಂದರೆ ದನದ ಬೇಲಿ. ಕೊಟ್ಟಿಗೆಯಲ್ಲಿರುವ ಡಬ್ಬಿ ಸೆಕೆಂಡಿಗೊಮ್ಮೆ ತಂತಿಗೆ ಟಕ್ ಅಂತ ಕರೆಂಟ್ ಬಿಡುತ್ತದೆ. ಪಕ್ಕದ ಮನೆಯಲ್ಲಿ ತಟ್ಟೆ ಬಡಿಯುತ್ತಿದ್ದರೆ ಪಿಸುಮಾತು ಹೇಗೆ ಕೇಳಬೇಕು? ಅಂಥ ಕಡೆ ಉಪಕರಣ ಎತ್ತಿಕೊಂಡು ದೂರ ಹೋಗಬೇಕು, ದನದವನ ಬೇಲಿಯ ತಂಟೆಗೆ ಹೋಗಲೇಬಾರದು ಎಂಬುದು ಅವಳು ಕೆಲಸ ಮಾಡುವ ವಿಶ್ವವಿದ್ಯಾಲಯದ ಕಟ್ಟಪ್ಪಣೆ. ಆದರೆ ಪೂರ್ವಕ್ಕೆ ಹೋದರೆ ಅನಿಲದ ಕೊಳವೆ, ಪಶ್ಚಿಮಕ್ಕೆ ದೊಡ್ಡ ವಿದ್ಯುತ್ ತಂತಿ. ಆ ಪಟ್ಟೆಯ ಅಂಚು ಸರಿಯಾಗಿ ಕಾಲಡಿಗೆ ಬರುವ ಜಾಗವೆಂದರೆ ಆರ್ವಿಡ್‌ನ ದಕ್ಷಿಣದ ಹುಲ್ಲುಗಾವಲು ಒಂದೇ.

ಡಾರಿಯಾ ಚಿಕ್ಕವಳಿದ್ದಾಗ ಅವಳಪ್ಪ ಹತ್ತಿರದ ಊರಿನ ಗೋಧಿ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಗೋಧಿ ಹಾಕಲು ಬರುತ್ತಿದ್ದ ಆರ್ವಿಡ್‌ಗೆ ಆ ಸಲುಗೆ ಇನ್ನೂ ಇತ್ತು. "ಬೇಲಿ ತಾನೇ ಮಗೂ? ಆರಿಸಿದ್ರಾಯ್ತು," ಎಂದುಬಿಟ್ಟಿದ್ದ. "ನನ್ನ ಹಸುಗಳಿಗೆ ಆ ತಂತಿಯ ರುಚಿ ಗೊತ್ತು. ಒಂದು ಸಲ ಮೂಗು ಸುಟ್ಕೊಂಡ ಹಸು ತಿಂಗಳುಗಟ್ಟಲೆ ಅದರ ಹತ್ತಿರ ಸುಳಿಯಲ್ಲ. ಆದ್ರೆ ಶನಿವಾರ ಹೊಸ ಕಡಸುಗಳು ಬರ್ತಾವೆ. ಅವಕ್ಕೆ ಏನೂ ಗೊತ್ತಿಲ್ಲ. ಆವತ್ತು ಮಾತ್ರ ಹಾಕಲೇಬೇಕು."

ಸರಿ ಎಂದಿದ್ದಳು. ಶನಿವಾರ ಬೆಳಿಗ್ಗೆಯೇ ಸೂರ್ಯನಲ್ಲಿ ಸ್ಫೋಟವಾಗಿದೆ, ಬಿರುಗಾಳಿ ಹೊರಟಿದೆ ಎಂಬ ಸೂಚನೆ ಬಂದಿತು. ವರ್ಷಗಳಿಂದ ಕಾದದ್ದು! ಡಾರಿಯಾ ಆರ್ವಿಡ್‌ಗೆ ಫೋನ್ ಮಾಡಿ, ಇನ್ನೆರಡು ದಿನ, ಬರೀ ಎರಡೇ ದಿನ ಅಂತ ಗೋಗರೆದಳು. ಅವನು ಒಪ್ಪಿಕೊಂಡ. ಕಡಸುಗಳನ್ನು ಆ ಎರಡು ದಿನ ದೊಡ್ಡಿಯಲ್ಲೇ ಕೂಡಿಹಾಕಿ ಹುಲ್ಲು ಹಾಕುತ್ತೇನೆ ಎಂದ. ಇರ್ಮಾ ಆವತ್ತು ಚರ್ಚಿನಲ್ಲಿ ಯಾರದೋ ಸಾವಿನ ಊಟಕ್ಕೆ ಸ್ಯಾಂಡ್‌ವಿಚ್ ಮಾಡಲು ಹೋಗಿದ್ದಳು, ಅವಳಿಗೆ ಈ ಫೋನಿನ ಸುದ್ದಿ ಗೊತ್ತಿಲ್ಲ.

ಭಾನುವಾರ ಸಂಜೆ, ದೊಡ್ಡಿಯಲ್ಲಿರಬೇಕಿದ್ದ ಕಡಸುಗಳು ದಕ್ಷಿಣದ ಹುಲ್ಲುಗಾವಲಿನಿಂದ ತಂತಿ ನುಗ್ಗಿ ರಸ್ತೆಗೆ ಬಂದವು. ಡಾರಿಯಾ ಹೇಳಿದಳೆಂದು ಬ್ಯಾಟರಿ ಬದಲಿಸಲು ಹೊರಟಿದ್ದ ಪೆರಿ ಲಾರಾಕ್‌ಗೆ ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುತ್ತಿತ್ತು. ದನ ಕಂಡದ್ದು ಗಾಡಿಯ ಮೂತಿಗೆ ಬಡಿದ ಮೇಲೆಯೇ.

ಪೊಲೀಸಿನವನು ಬಂದು ಕೇಳಿದಾಗ ಆರ್ವಿಡ್ ಫೋನಿನ ಮಾತೇ ಎತ್ತಲಿಲ್ಲ. ಮರೆತೆ ಅಂದ. ಮೊದಮೊದಲು ಡಾರಿಯಾ, ಅವನು ತನ್ನನ್ನು ಉಳಿಸಲು ಹಾಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಹೇಳಿದರೆ ಸರ್ವೆ ನಿಲ್ಲುತ್ತದೆ, ಕೆಲಸವೂ ಹೋಗಬಹುದು, ಅವನೇ ಹೊತ್ತುಕೊಂಡ ಮೇಲೆ ನಾನ್ಯಾಕೆ ಬಾಯಿ ಬಿಡಲಿ ಅಂತ ಒಳಗೊಂದು ದರಿದ್ರ ದನಿ ಹೇಳುತ್ತಲೇ ಇತ್ತು. ಆದರೆ ಇವತ್ತು ಅಡುಗೆಮನೆಯಲ್ಲಿ ಅವನ ಮುಖ ನೋಡಿದ ಮೇಲೆ ಗೊತ್ತಾಯಿತು. ನಾಟಕ ಆಡುವವನ ಮುಖವಲ್ಲ ಅದು. ತಾನು ಮರೆತೆನೆಂದು ಅವನು ನಿಜವಾಗಿಯೂ ನಂಬಿದ್ದ.

ಮರುದಿನ ರಿಜೈನಾದ ಆಸ್ಪತ್ರೆಗೆ ಹೋದಳು. ಪೆರಿಯ ಸೊಂಟಕ್ಕೆ ಕಬ್ಬಿಣದ ಕಡ್ಡಿ ಹಾಕಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿಸಿದ್ದರು. ಇಪ್ಪತ್ತು ವರ್ಷದಿಂದ ಅವಳ ಜೊತೆ ಗುಂಡಿ ತೋಡಿ ತಂತಿ ಎಳೆದವನು, ಸಾಯುವಾಗಲೂ ತಮಾಷೆ ಬಿಡದ ಜಾತಿ.

"ಬಾ ಬಾಸು, ಬಾ. ಹೂ ತಂದಿಲ್ವಾ? ನೋಡು, ನನ್ನ ಬೆಲೆ ಇಷ್ಟೇ."

"ಡೋನಟ್ ತಂದಿದೀನಿ."

"ಅದು ಸರಿ. ಬಿರುಗಾಳಿ ಬಂತಾ? ಸಿಗ್ನಲ್ ಹೇಗಿದೆ?"

"ಚೆನ್ನಾಗಿದೆ," ಎಂದಳು. ಚೆನ್ನಾಗಿದೆ ಎಂಬುದು ಸಣ್ಣ ಮಾತು. ಹಳೇ ಬ್ಯಾಟರಿಯೇ ಹೇಗೋ ಬಿರುಗಾಳಿ ಮುಗಿಯುವವರೆಗೆ ತಾಳಿತ್ತು. ಅಷ್ಟು ಸ್ವಚ್ಛವಾದ ಗೀಟುಗಳನ್ನು ಅವಳು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಗಾಯದ ಕಲೆ ಕೆಳಕ್ಕೆ, ಕೆಳಕ್ಕೆ, ಶಿಲಾಗೋಳದ ತಳದವರೆಗೂ ಇಳಿದಿರುವುದು ಎದ್ದು ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ, ಪೆರಿ ಆಪರೇಷನ್ ಮೇಜಿನ ಮೇಲಿದ್ದಾಗ, ಅವಳು ಅದನ್ನು ನೋಡಿ ಖುಷಿಯಿಂದ ಚಪ್ಪಾಳೆ ತಟ್ಟಿದ್ದಳು.

"ಚೆನ್ನಾಗಿ ಬರದಿದ್ರೆ ನನ್ನ ಸೊಂಟ ವಾಪಸ್ ಕೊಡಿಸು ಅಂತಿದ್ದೆ," ಎಂದು ಪೆರಿ ಡೋನಟ್ ಕಚ್ಚಿದ. "ಆ ಮುದುಕನ ಮೇಲೆ ನನಗೇನೂ ಸಿಟ್ಟಿಲ್ಲ ಕಣೇ. ಪಾಪ, ನನ್ನ ತಾತನೂ ಕೊನೆಗೆ ಹಾಗೇ ಆಗಿದ್ದ. ಆದ್ರೆ ಒಂದು ಅರ್ಥ ಆಗ್ತಿಲ್ಲ. ಸಿಗ್ನಲ್ ಇಷ್ಟು ಚೆನ್ನಾಗಿ ಬರಬೇಕಾದ್ರೆ ಬೇಲಿ ಆಫ್ ಇರಬೇಕು. ಶನಿವಾರವೇ ಹಾಕ್ತಾರೆ ಅಂದಿದ್ದೆ ನೀನು. ಆದ್ರೂ ಬಿರುಗಾಳಿ ನೋಡೋಕೆ ನನ್ನನ್ನ ಬ್ಯಾಟರಿ ಕೊಟ್ಟು ಕಳಿಸಿದೆ. ಬೇಲಿ ಆಫ್ ಇರುತ್ತೆ ಅಂತ ನಿನಗೆ ಹೇಗೆ ಗೊತ್ತಿತ್ತು?"

ಡಾರಿಯಾ ಡೋನಟ್ ಪೊಟ್ಟಣದ ಬಾಯಿ ಮಡಿಸುತ್ತ ಕೂತಳು.

ಪೆರಿ ಡೋನಟನ್ನು ನಿಧಾನವಾಗಿ ಕೆಳಗಿಟ್ಟ. "ನೀನು ಕೇಳ್ಕೊಂಡ್ಯಾ?"

"ಹೂಂ."

"ಅವನು ಮರೆತದ್ದಲ್ಲ?"

"ಫೋನ್ ಮಾಡಿ ಕೇಳಿದೆ. ಒಪ್ಪಿದ್ರು. ಕಡಸು ದೊಡ್ಡಿಯಲ್ಲೇ ಇಡ್ತೀನಿ ಅಂದಿದ್ರು ಪೆರಿ, ನಾನು..."

"ಬಾಯ್ಮುಚ್ಚು." ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕುತ್ತಿಗೆಯ ನರ ಉಬ್ಬಿತ್ತು. ಇಪ್ಪತ್ತು ವರ್ಷದಲ್ಲಿ ಅವಳ ಮೇಲೆ ಒಂದು ಸಲವೂ ದನಿ ಎತ್ತದವನು, ಈಗಲೂ ಎತ್ತಲಿಲ್ಲ. "ನನ್ನ ಸೊಂಟದ ವಿಚಾರ ಆಮೇಲೆ ಮಾತಾಡೋಣ. ಮಾತಾಡೇ ಮಾತಾಡ್ತೀನಿ, ನಿನ್ನನ್ನ ಸುಮ್ಮನೆ ಬಿಡಲ್ಲ. ಮೊದಲು ಹೋಗಿ ಆ ಮುದುಕನಿಗೆ ಹೇಳು. ತಲೆ ಕೆಟ್ಟಿದೆ ಅಂದ್ಕೊಂಡು ಕೂತಿದಾನಲ್ಲೇ ಅವನು! ನಾಚಿಕೆ ಆಗಲ್ವಾ ನಿನಗೆ?"

ಆಯಿತು, ತುಂಬಾ ಆಯಿತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಗಾಡಿಯ ಸ್ಟೀರಿಂಗಿಗೆ ತಲೆಯಿಟ್ಟು ಅತ್ತಳು. ಅಳು ನಿಂತ ಮೇಲೆ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಟ್ಟಳು. ಅವರು, ಉಪಕರಣಗಳನ್ನೆಲ್ಲ ಕಿತ್ತು ತನ್ನಿ, ಮುಂದಿನದು ಸಮಿತಿ ನೋಡುತ್ತದೆ ಅಂದರು. ಅಚ್ಚರಿಯೆಂದರೆ ಡಾರಿಯಾಗೆ ಎದೆ ಹಗುರಾಯಿತು. ಕೆಲಸ ಹೋದರೆ ಹೋಗಲಿ. ಆರ್ವಿಡ್‌ನ ದನಗಳು ಉಳಿಯುತ್ತವೆ, ಅವನ ಮಾನ ಅವನಿಗೆ ವಾಪಸ್ ಸಿಗುತ್ತದೆ, ಅದಕ್ಕಿಂತ ಇನ್ನೇನು ಬೇಕು ಅಂದುಕೊಂಡಳು. ಪಾಪ, ಹಾಗಂದುಕೊಂಡಳು.

ಗುರುವಾರ ಬೆಳಿಗ್ಗೆ ಅವಳು ಹೋದಾಗ ಲಾರಿ ಇನ್ನೂ ಬಂದಿರಲಿಲ್ಲ. ಹಸುಗಳನ್ನೆಲ್ಲ ದೊಡ್ಡಿಗೆ ತುಂಬಿದ್ದರು. ಆರ್ವಿಡ್ ಕಟಾಂಜನಕ್ಕೆ ಒರಗಿ ನಿಂತು ಒಂದೊಂದನ್ನೇ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದ. ಕೆಲವಕ್ಕೆ ಹೆಸರಿತ್ತು. ಅವನ್ನು ಹೆಸರಿಟ್ಟು ಕರೆದು, "ಹೋಗಿ ಬಾ," ಅನ್ನುತ್ತಿದ್ದ.

"ಆರ್ವಿಡ್, ನಿಮ್ಮ ಹತ್ತಿರ ಒಂದು ಮಾತಿದೆ," ಎಂದಳು ಡಾರಿಯಾ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ನೇರವಾಗಿ ಹೇಳಿಬಿಟ್ಟಳು. "ನೀವು ಬೇಲಿ ಹಾಕೋದು ಮರೆತಿಲ್ಲ. ಹಾಕಬೇಡಿ ಅಂತ ನಾನೇ ಹೇಳಿದ್ದು. ಶನಿವಾರ ಬೆಳಿಗ್ಗೆ ಫೋನ್ ಮಾಡಿದ್ದೆ."

ಮುದುಕ ತಿರುಗಿ ನೋಡಿದ. ಅವನ ಮುಖ ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು.

"ನೀನು ಹೇಳಿದ್ದಾ? ಅಯ್ಯೋ ದೇವರೇ!" ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಮಗೂ, ನಿನಗೆ ಗೊತ್ತಿಲ್ಲ, ನಾನು ಎಷ್ಟು ಒದ್ದಾಡಿದೀನಿ ಅಂತ. ಆವತ್ತು ಕಡಸುಗಳನ್ನ ಹುಲ್ಲುಗಾವಲಿಗೆ ಬಿಟ್ಟು, ಬೇಲಿ ಹಾಕೋಕೆ ಕೊಟ್ಟಿಗೆಗೆ ಹೋದೆ. ಹೋದದ್ದು ನೆನಪಿದೆ. ಸ್ವಿಚ್ಚಿಗೆ ಕೈ ಹಾಕಿದೆ, ಆಗ ಹಾಕಬಾರದು ಅಂತ ಅನ್ನಿಸ್ತು. ಯಾಕೆ ಹಾಕಬಾರದು? ಅದು ಗೊತ್ತಾಗಲಿಲ್ಲ. ಹಾಗೇ ವಾಪಸ್ ಬಂದೆ. ಇದನ್ನ ಇರ್ಮಾಗೆ ಹೇಳಲಿಲ್ಲ. ಹೇಳಿದ್ರೆ ನನಗೆ ಹುಚ್ಚು ಹಿಡಿದಿದೆ ಅಂದ್ಕೋತಾಳೆ. ಮರೆತೆ ಅಂದುಬಿಟ್ಟೆ. ಸ್ವಿಚ್ ಮರೆಯೋದು ಯಾರಿಗಾದ್ರೂ ಆಗುತ್ತೆ, ಅಲ್ವಾ? ಸದ್ಯ! ನೀನು ಹೇಳಿದ್ದು ಅದು. ಸದ್ಯ."

ಅವನು ನಗುತ್ತಿದ್ದ. ನಗುತ್ತ ನಗುತ್ತಲೇ ನಿಂತುಹೋದ. ಏನೋ ಹೊಳೆದಿತ್ತು.

"ಫೋನ್ ಮಾಡಿದ್ದೆ ಅಂದ್ಯಲ್ಲ," ಎಂದ ಮೆಲ್ಲಗೆ. "ನಾನು ಮಾತಾಡಿದ್ನಾ?"

ಆ ಫೋನ್ ಮಾತೇ ಅವನಿಗೆ ನೆನಪಿಲ್ಲವೆಂದು ಡಾರಿಯಾಗೆ ಆಗ ಅರ್ಥವಾಯಿತು. ಇದು ಮೊದಲೇ ಯಾಕೆ ತೋಚಲಿಲ್ಲ ತನಗೆ? ತಾನು ಕೊಡಲು ಬಂದದ್ದೇನು, ಕೊಡುತ್ತಿರುವುದೇನು!

"ಮಾತಾಡಿದ್ರಿ."

"ಏನಂದೆ?"

"ಬಿಡಿ ಆರ್ವಿಡ್, ಅದೆಲ್ಲ ಈಗ..."

"ಏನಂದೆ ಹೇಳು. ನನ್ನ ಬಾಯಿಂದ ಬಂದ ಮಾತು, ಕೇಳೋ ಹಕ್ಕು ನನಗಿಲ್ವಾ?"

ಹೇಳಿದಳು. ಕಡಸುಗಳನ್ನು ಎರಡು ದಿನ ದೊಡ್ಡಿಯಲ್ಲೇ ಇಟ್ಟುಕೊಳ್ಳುತ್ತೇನೆ, ಹಳೇ ಹುಲ್ಲಿನ ಉರುಳೆ ಇನ್ನೂ ಮಿಕ್ಕಿದೆ ಅಂದದ್ದು. ತನ್ನ ತಮ್ಮ ಹಾಲ್ವರ್ ಚಿಕ್ಕಂದಿನಲ್ಲಿ ಬೇಲಿಯ ತಂತಿಗೆ ಉಚ್ಚೆ ಹೊಯ್ದು ಕುಣಿದಾಡಿದ ಕತೆ ಹೇಳಿ ನಕ್ಕದ್ದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಸಾಕಾಗಿಹೋಗಿತ್ತು ಅವಳಿಗೆ.

"ಆ ಕತೆ ಎರಡು ಸಲ ಹೇಳಿದ್ರಿ. ಒಂದು ಸಲ ಮುಗಿಸಿ, ಮತ್ತೆ ಮೊದಲಿನಿಂದ. ಎಲ್ಲಿಂದ ಮಾತಾಡ್ತಿದೀಯ ಅಂತ ಮತ್ತೆ ಮತ್ತೆ ಕೇಳಿದ್ರಿ. ನನಗೆ ಆಗಲೇ ಗೊತ್ತಾಯ್ತು ಏನೋ ಸರಿಯಿಲ್ಲ ಅಂತ. ಗೊತ್ತಾಗಿಯೂ ಸುಮ್ಮನಾದೆ. ನನಗೆ ಬಿರುಗಾಳಿ ಬೇಕಿತ್ತು. ಒಂದು ಸಲ ಇಲ್ಲಿಗೆ ಬಂದು ದೊಡ್ಡಿ ನೋಡಿ ಹೋಗಿದ್ರೆ ಸಾಕಿತ್ತು, ಅದನ್ನೂ ಮಾಡಲಿಲ್ಲ. ತಪ್ಪು ನಂದು ಆರ್ವಿಡ್. ನಿಮ್ಮದಲ್ಲ."

ಆರ್ವಿಡ್ ಹಣೆಯನ್ನು ಬೆರಳಿಂದ ತಟ್ಟಿಕೊಂಡ. "ಇಲ್ಲಿ ಒಂದಕ್ಷರವೂ ಇಲ್ಲ," ಎಂದ. "ಹಾಲ್ವರ್ ಕುಣಿದದ್ದು ಇದೆ. ನಿನಗೆ ಹೇಳಿದ್ದು ಇಲ್ಲ." ಅವನ ಕಣ್ಣಲ್ಲಿ ನೀರು ಬಂದು ನಿಂತಿತು. ಒರೆಸಿಕೊಳ್ಳಲೂ ಇಲ್ಲ. "ಸ್ವಿಚ್ ಮರೆತೆ ಅಂತಲೇ ಇದ್ದಿದ್ರೆ ಚೆನ್ನಾಗಿತ್ತಲ್ಲೇ."

ಅಷ್ಟರಲ್ಲಿ ದೂಳೆಬ್ಬಿಸಿಕೊಂಡು ಲಾರಿ ಬಂತು. ಇಂಜಿನಿನ ಸದ್ದಿಗೆ ಇರ್ಮಾ ಮನೆಯಿಂದ ಹೊರಬಂದು, ಇವರಿಬ್ಬರ ಮುಖ ನೋಡಿ ದಾಪುಗಾಲು ಹಾಕುತ್ತ ದೊಡ್ಡಿಯ ಹತ್ತಿರ ಬಂದಳು.

"ಏನಾಯ್ತು? ಯಾಕೆ ಅಳ್ತಿದಾನೆ ಇವನು?"

ಆರ್ವಿಡ್ ಡಾರಿಯಾಳ ಕಡೆ ನೋಡಿದ. ಏನನ್ನೂ ಕೇಳಲಿಲ್ಲ, ಸುಮ್ಮನೆ ನೋಡಿದ. ಸುಳ್ಳು ಸಾಕಾಗಿದೆ ಎಂದು ಈಗಷ್ಟೇ ಅಂದುಕೊಂಡಿದ್ದ ಡಾರಿಯಾ ಆ ನೋಟದ ಮುಂದೆ ಸೋತಳು.

"ಬೇಲಿ ಆರಿಸಿ ಅಂತ ಕೇಳಿದ್ದು ನಾನು, ಇರ್ಮಾ," ಎಂದಳು. "ಇನ್ನೆರಡು ದಿನ ಬಿಡಿ ಅಂತ ಫೋನಿನಲ್ಲಿ ಕಾಡಿದೆ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂತ ಇವರಿಗೆ ಗೊತ್ತಿತ್ತು. ಅದಕ್ಕೇ ಮರೆತೆ ಅಂತ ಎಲ್ಲರ ಮುಂದೆ ಹೇಳಿದ್ರು. ನನ್ನನ್ನ ಉಳಿಸೋಕೆ."

ಇರ್ಮಾ ಕಲ್ಲಿನ ಹಾಗೆ ನಿಂತಳು. "ನಿಜವಾ?" ಎಂದು ಗಂಡನನ್ನು ಕೇಳಿದಳು.

"ಹೂಂ," ಎಂದ ಆರ್ವಿಡ್, ನೆಲ ನೋಡುತ್ತ.

"ನಿನ್ನ ಮನೆ ಹಾಳಾಗ! ನನಗೂ ಹೇಳಲಿಲ್ವಲ್ಲೋ! ನಾನಿಲ್ಲಿ ಪ್ರತಿ ಬೆಳಿಗ್ಗೆ ಎದ್ದು ಇವನಿಗೆ ಇವತ್ತು ನನ್ನ ಗುರುತು ಸಿಗುತ್ತೋ ಇಲ್ವೋ ಅಂತ ಒದ್ದಾಡ್ತಿದ್ರೆ, ನೀನು ಮಹಾ ತ್ಯಾಗ ಮಾಡ್ತಾ ಕೂತಿದ್ಯಾ? ಮುದಿ ಕತ್ತೆ!" ಎಂದು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಗುದ್ದುತ್ತಲೇ ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಡಾರಿಯಾಳ ಕಡೆ ಬೆರಳು ತೋರಿಸಿ, "ನಿನ್ನ ಹತ್ತಿರ ಈ ಜನ್ಮದಲ್ಲಿ ನಾನು ಮಾತಾಡಲ್ಲ," ಎಂದು ಹೇಳಿ, ಕಣ್ಣೊರೆಸಿಕೊಂಡು ಲಾರಿಯವನ ಕಡೆ ಓಡಿದಳು. ದನ ಮಾರುವುದಿಲ್ಲ, ಹೊರಡಪ್ಪಾ, ದಾರಿ ಖರ್ಚು ಬೇಕಾದರೆ ಕೊಡುತ್ತೇನೆ ಎಂದು ಅವಳು ಕೂಗಿ ಹೇಳುವುದು ದೊಡ್ಡಿಯವರೆಗೂ ಕೇಳಿಸಿತು. ಪಿಕಪ್ಪಿನ ಕೀಲಿಯನ್ನು ಏಪ್ರನ್ನಿನ ಜೇಬಿನಿಂದ ತೆಗೆದು ದೂರದಿಂದಲೇ ಗಂಡನಿಗೆ ಎಸೆದಳು. ಅದು ಅವನ ಕಾಲ ಬಳಿ ಬಿತ್ತು.

ಡಾರಿಯಾಗೆ ಹೆದರಿಕೆಯಾಯಿತು. ಏನು ಮಾಡಿಬಿಟ್ಟೆ ನಾನು? ನಾಳೆ ಈ ಮನುಷ್ಯ ಆ ಕೀಲಿ ತಗೊಂಡು ಹೊರಟರೆ? ಚಳಿಗಾಲ ಬಂದರೆ? ಅವಳು ಇರ್ಮಾಳನ್ನು ಕರೆಯಬೇಕೆಂದು ಬಾಯಿ ತೆರೆದಳು. ಇರ್ಮಾ ಲಾರಿಯವನ ಜೊತೆ ನಗುತ್ತಿದ್ದಳು. ಎಷ್ಟು ವಾರಗಳ ನಗುವೋ ಅದು.

ಆರ್ವಿಡ್ ಬಗ್ಗಿ ಕೀಲಿ ಎತ್ತಿಕೊಂಡ. ಒಂದು ಗಳಿಗೆ ಅದನ್ನೇ ನೋಡಿ, ಡಾರಿಯಾಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ನೀನೇ ಇಟ್ಕೋ. ಕಳೆದುಹೋಯ್ತು ಅಂತೀನಿ. ಪರೀಕ್ಷೆಗೂ ಹೋಗ್ತೀನಿ, ಆಗ ಅವಳಿಗೆ ಗೊತ್ತಾಗೇ ಆಗುತ್ತೆ. ಅಲ್ಲಿವರೆಗೆ ಸ್ವಲ್ಪ ದಿನ ಅವಳು ಹೀಗೇ ಇರಲಿ ಮಗೂ," ಎಂದ. ಆಮೇಲೆ ಹೆಂಡತಿಯ ಕಡೆಗೊಮ್ಮೆ ಕಣ್ಣು ಹಾಯಿಸಿ, ಹತ್ತಿರ ಸರಿದು ದನಿ ತಗ್ಗಿಸಿದ.

"ಆದ್ರೆ ಅವಳು ಬಿಡಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳೇ ಕೇಳ್ತಾಳೆ, ಫೋನಿನಲ್ಲಿ ಏನೇನು ಮಾತಾಡಿದೆ ಅಂತ. ನಾನು ಹೇಳಬೇಕಲ್ಲ. ಇನ್ನೊಂದು ಸಲ ಹೇಳು. ನಿಧಾನವಾಗಿ."

ಡಾರಿಯಾ ಹೇಳಿದಳು. ಶನಿವಾರ ಬೆಳಿಗ್ಗೆ, ಹುಲ್ಲಿನ ಉರುಳೆ, ದೊಡ್ಡಿ, ಹಾಲ್ವರ್‌ನ ಕತೆ. ಆರ್ವಿಡ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಕೇಳಿಸಿಕೊಂಡ. ಆಮೇಲೆ ತಾನು ಒಪ್ಪಿಸತೊಡಗಿದ. "ಭಾನುವಾರ ಬೆಳಿಗ್ಗೆ ನೀನು ಫೋನ್ ಮಾಡಿದೆ..."

"ಶನಿವಾರ," ಎಂದಳು ಡಾರಿಯಾ.

"ಶನಿವಾರ," ಎಂದ ಆರ್ವಿಡ್. "ಶನಿವಾರ. ಆಮೇಲೆ ನಾನು ಏನಂದೆ? ಮೊದಲಿಂದ ಹೇಳು."